ಸೋಸುವ ಅರಿವೆ

ಕೊಡ ಮೇಲೆ ಬಂದಾಗ ಶೈಲಾ ಮೊದಲು ನೋಡಿದ್ದು ನೀರನ್ನಲ್ಲ, ಅತ್ತೆಯ ಮುಖವನ್ನು. ಸೋನಾಬಾಯಿ ಎರಡು ಪದರು ಮಾಡಿದ ಬಿಳಿ ಅರಿವೆಯನ್ನು ಹಂಡೆಯ ಬಾಯಿಗೆ ಬಿಗಿಯಾಗಿ ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಒದ್ದೆ ಮಡಿಸೀರೆ ಮೈಗೆ ಅಂಟಿ, ಎಪ್ಪತ್ತು ದಾಟಿದ ಆ ಮೈ ಬೆಳಗಿನ ಗಾಳಿಗೆ ಸಣ್ಣಗೆ ನಡುಗುತ್ತಿತ್ತು, ಮುಖದಲ್ಲಿ ಮಾತ್ರ ಮದುವೆಮನೆಯ ಯಜಮಾನಿಯ ಗತ್ತು. ಶೈಲಾ ನಿಧಾನವಾಗಿ ಕೊಡ ಬಗ್ಗಿಸಿದಳು. ನೀರು ಅರಿವೆಯನ್ನು ಹೊಟ್ಟೆಯಂತೆ ಒಳಗೆ ಜಗ್ಗಿ, ಇಳಿದುಹೋಯಿತು. ಸೋನಾಬಾಯಿ ಅರಿವೆಯನ್ನು ಎತ್ತಿ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಮೂಲೆ ಮೂಲೆ ಹುಡುಕಿದಳು. "ನೋಡ ಬೇ ಶೈಲಾ, ಒಂದ ಹುಳಾ ಇಲ್ಲ, ಒಂದ ಎಳಿ ಪಾಚಿ ಇಲ್ಲ. ಕನ್ನಡಿ ಆಗೇತಿ ನೀರ. ಮಾತಾಜಿ ಬರೂದ ಬಾವಿಗೂ ಗೊತ್ತಾಗೇತಿ," ಎಂದು ನಕ್ಕಳು. ಮಾತಾಜಿ ಎಂದರೆ ಮಳೆಗಾಲ ಕಳೆಯಲು ಊರ ಬಸದಿಗೆ ಬಂದ ಜೈನ ಸನ್ಯಾಸಿನಿ, ಇಂದು ಮೊದಲ ಸಲ ಈ ಓಣಿಗೆ ಆಹಾರಕ್ಕೆ ಬರುವವರು. ಏನೂ ಇಲ್ಲದಿದ್ದರೂ ವಿಧಿ ಬಿಡುವಂತಿಲ್ಲ. ಸೋಸಿದ ನೀರಲ್ಲೇ ಅರಿವೆಯನ್ನು ತಿರುವಿ ಜಾಲಿಸಿ, ಆ ನೀರನ್ನು ತಳಕ್ಕೆ ಕೊಂಡಿಯಿರುವ ಸಣ್ಣ ಬಕೀಟಿಗೆ ಹಾಕಿ, ಬಾವಿಗೆ ಇಳಿಬಿಟ್ಟು, ಬಕೀಟು ನೀರನ್ನು ಮುಟ್ಟಿದ ಮೇಲೆಯೇ ಮಗುಚಬೇಕು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಒಳಗಿನ ಜೀವಗಳು ಸಾಯುತ್ತವೆ. ಬೇರೆ ಬಾವಿಗೆ ಬಿಟ್ಟರೆ ಪರಸ್ಥಳದ ನೀರು ಒಗ್ಗದೆ ಸಾಯುತ್ತವೆ. ಸೋನಾಬಾಯಿ ಇದಕ್ಕೆ 'ಮನಿಗೆ ಕಳಸೂದು' ಎನ್ನುತ್ತಿದ್ದಳು. ಈಗಲೂ ಖಾಲಿ ಬಕೀಟನ್ನು ಮೇಲೆಳೆದು, "ಹ್ಞಾಂ, ಮುಟ್ಟಿದೂ," ಎಂದಳು.

ಕನ್ನಡಿಯಾಗದೆ ಇನ್ನೇನಾಗುತ್ತದೆ? ಹುಳ ಇರಬೇಕಾದರೆ ಹುಳಕ್ಕೆ ಬದುಕಲು ಬರಬೇಕು. ಶೈಲಾ ತಾಲೂಕಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಾಗವಾಡದಿಂದ ಚಿಕ್ಕೋಡಿಯವರೆಗೆ ಯಾವ ಯಾವ ಊರಿನ ಬೋರಿನಲ್ಲಿ ಉಪ್ಪೆಷ್ಟು, ಯಾವುದರಲ್ಲಿ ಗೊಬ್ಬರ ಇಳಿದಿದೆ, ಎಲ್ಲಿಯ ನೀರು ಹಲ್ಲು ಕೆಡಿಸುತ್ತದೆ ಎಂದು ಕೇಳಿದವರಿಗೆಲ್ಲ ಠಾಕುಠೀಕಾಗಿ ಹೇಳುವವಳು, ಊರ ನೀರಿಗೆಲ್ಲ ಜಾತಕ ನೋಡುವ ಜೋಯಿಸಗಿತ್ತಿ. ತನ್ನ ಮನೆಯ ಬಾವಿಯ ನೀರನ್ನು ಮಾತ್ರ ಇಷ್ಟು ವರ್ಷ ಬಾಟಲಿಗೆ ತುಂಬಿರಲಿಲ್ಲ. ಅತ್ತೆ ಹಾಡಿ ಹೊಗಳುವ ಆ ಖಾಲಿ ಅರಿವೆ ಅವಳ ತಲೆಯಲ್ಲಿ ಹೊಕ್ಕು ಕೂತದ್ದರಿಂದ, ಕಳೆದ ವಾರ ಯಾರಿಗೂ ಹೇಳದೆ ಒಂದು ಬಾಟಲಿ ಒಯ್ದಿದ್ದಳು. ಪುಡಿ ಹಾಕಿ, ಮುಚ್ಚಳದಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಕೂತಳು. ಬೆಳ್ಳಗಿದ್ದ ಪಟ್ಟಿ ಅರಿಷಿಣಕ್ಕೆ ತಿರುಗಿತು; ನೋಡುತ್ತಿದ್ದಂತೆ ಅರಿಷಿಣವೂ ಸುಟ್ಟಂತಾಗಿ ಕಂದಿತು. ಆರ್ಸೆನಿಕ್ಕು, ಹಳಬರು ಪಾಷಾಣ ಅನ್ನುವುದು. ಮತ್ತೊಮ್ಮೆ ಮಾಡಿದಳು, ಮತ್ತೂ ಒಮ್ಮೆ. ಆಮೇಲೆ ಆ ಮೂರೂ ಪಟ್ಟಿಗಳನ್ನು ಸುತ್ತಿ ಕಸದ ಬುಟ್ಟಿಗೆ ಎಸೆದಳು. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಅವಳನ್ನು ಕಾಡಿದ್ದು ಪಟ್ಟಿಯ ಬಣ್ಣವಲ್ಲ. ಮೊದಲನೆಯ ಪಟ್ಟಿ ಕಂದುತ್ತಿದ್ದಾಗ, ಭಯ ಬರುವುದಕ್ಕೂ ಮುಂಚೆ, ತನ್ನೊಳಗೆ ಏನೋ ಒಂದು ಸಣ್ಣಗೆ ಕುಣಿದಿತ್ತು. ಅದು ಸಂತೋಷ. ಅತ್ತೆಯ ಬಾವಿ ಸೋತಿತು ಎಂಬ ಸಂತೋಷ. ಥೂ ಎಂದುಕೊಂಡರೂ ಅದು ಹೋಗಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಸೇದಿದ ಮೊದಲ ಕೊಡವನ್ನು ಸೋನಾಬಾಯಿ ಎಲ್ಲರೆದುರು ಬಚ್ಚಲಿಗೆ ಸುರಿಸಿದ್ದಳು. ಅರಿವೆ ಒಂದೇ ಪದರು ಹಿಡಿದಿದ್ದಳಂತೆ. "ನಿಪ್ಪಾಣಿ ಪೋರಿ. ನಳದ ನೀರ ಕುಡದ ಬೆಳದಾಕಿ, ಆಕಿಗೇನ ತಿಳೀತೈತಿ," ಎಂದು ಮರಾಠಿಯಲ್ಲೂ ಒಮ್ಮೆ, ಕನ್ನಡದಲ್ಲೂ ಒಮ್ಮೆ ಹೇಳಿ, ಬಂದ ಬೀಗರನ್ನೆಲ್ಲ ನಗಿಸಿದ್ದಳು. ನಗೆಯಲ್ಲಿ ಗಂಡ ಭರತನ ನಗೆಯೂ ಇತ್ತು. ಅಂದಿನಿಂದ ನೀರು ಸೋಸುವ ಅರಿವೆಯನ್ನು ಸೋನಾಬಾಯಿ ಯಾರ ಕೈಗೂ ಕೊಟ್ಟವಳಲ್ಲ. ಮನೆಯಲ್ಲಿ ನೀರು ಶುದ್ಧ ಮಾಡುವ ಮಿಷಿನ್ನು ಬಂತು, ಫ್ರಿಜ್ಜು ಬಂತು, ಉಳಿದವರೆಲ್ಲ ಬಾವಿಯನ್ನು ಮರೆತರು; ಅವಳೊಬ್ಬಳು ವ್ರತ ಹಿಡಿದವಳ ಹಾಗೆ, ಅಲ್ಲ, ವ್ರತ ಹಿಡಿದೇ, ಬಾವಿ ನೀರನ್ನಲ್ಲದೆ ಬೇರೆ ಒಂದು ಗುಟುಕು ಕುಡಿಯಲಿಲ್ಲ. ಪಟ್ಟಿ ಕಂದಿದ ದಿನದಿಂದ ಶೈಲಾ ಅತ್ತೆಯ ಕುಡಿಯುವ ತಂಬಿಗೆಗೆ ಕಳ್ಳತನದಿಂದ ಮಿಷಿನ್ನಿನ ನೀರು ತುಂಬುತ್ತಿದ್ದಳು. "ಈಗೀಗ ನೀರ ಬಾಳ ರುಚಿ ಆಗೇತಿ," ಎಂದು ಸೋನಾಬಾಯಿ ನಿನ್ನೆ ಕೂಡ ಬಾಯಿ ಚಪ್ಪರಿಸಿದ್ದಳು. ಜೀವ ಉಳಿಸಲು ವ್ರತ ಕೆಡಿಸುತ್ತಿದ್ದೇನೋ, ವ್ರತ ಕೆಡಿಸುವ ನೆವಕ್ಕೆ ಜೀವ ಉಳಿಸುತ್ತಿದ್ದೇನೋ, ಶೈಲಾಳಿಗೇ ತಿಳಿಯುತ್ತಿರಲಿಲ್ಲ.

ಮತ್ತೊಂದು ಕೊಡಕ್ಕೆ ಹಗ್ಗ ಬಿಡುವಾಗ ಅವಳ ಕಣ್ಣು ತಾನಾಗಿ ಕಲ್ಲುನೆಲದ ದಿಬ್ಬದ, ಮಡ್ಡಿಯ ಕಡೆ ಹೋಯಿತು. ಬಾವಿಯಿಂದ ಎರಡು ಹೊಲ ಮೇಲೆ ಅವರದೇ ಖಣಿ, ಬಸದಿಯ ಕಟ್ಟೆಗೆ, ಈ ಮನೆಯ ಬುನಾದಿಗೆ ಕರಿಕಲ್ಲು ಕೊಟ್ಟ ಖಣಿ. ಈಗ ಅಲ್ಲಿ ತಗ್ಗಿಲ್ಲ. ಮೇಲೆ ಕಬ್ಬು ನಿಂತಿದೆ, ಗರಿಗಳ ತುದಿ ಸುಟ್ಟಂತಿರುವ ಸೊರಗಿದ ಕಬ್ಬು. ಮಾವ ರಾವಸಾಹೇಬ ಬದುಕಿದ್ದಾಗ, ಕಲ್ಲು ಇನ್ನೂ ತೆಗೆಯುತ್ತಿದ್ದ ದಿನಗಳಲ್ಲಿ, ಸುರಂಗದ ಸಿಡಿಮದ್ದಿಗೆ ಬೆಂಕಿ ಇಡುವ ಹೊತ್ತಿಗೆ ಹೊಸ ಸೊಸೆಯನ್ನು ಬಾವಿಯ ಹತ್ತಿರ ಕರೆದು ತೋರಿಸಿದ್ದ. ಢಂ ಎಂದಾಗ ಮೇಲೆ ಒಂದು ಎಲೆಯೂ ಅಲುಗಲಿಲ್ಲ, ಬಾವಿಯ ನೀರು ಮಾತ್ರ ಮೈಮೇಲೆ ಮುಳ್ಳೆದ್ದಂತೆ ಗರ್ರನೆ ನಡುಗಿತು. "ಇದರ ಸೆಲಿ ಅಲ್ಲಿಂದ ಬರತೈತಿ. ಕಲ್ಲಿನಾಗ ಬಿರಕ ಐತಿ, ಆ ಖಣಿ, ಈ ಬಾವಿ ಎರಡೂ ಒಂದ ನರಾ," ಎಂದು ಹೆಮ್ಮೆಯಿಂದ ಹೇಳಿದ್ದ. ಇದನ್ನು ಅವಳು ಕಣ್ಣಾರೆ ಕಂಡಿದ್ದಳು. ಕರಿಕಲ್ಲಿನ ನೆಲ ಹೇಗಿರುತ್ತದೆ, ಗಟ್ಟಿ ಪದರಿನಲ್ಲಿ ಹನಿ ನೀರೂ ನಿಲ್ಲದೆ ಬಿರುಕು ಹಿಡಿದು ಹೇಗೆ ಓಡುತ್ತದೆ, ಅದನ್ನು ಶೋಧಿಸಲು ಮರಳಿಲ್ಲ, ಮಣ್ಣಿಲ್ಲ ಎಂದೆಲ್ಲ ಆಮೇಲೆ ತರಬೇತಿಯಲ್ಲಿ ಕಲಿತು ಮಾರ್ಕು ತೆಗೆದಿದ್ದಳು. ಆದರೂ ಮೂರ್ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾರಖಾನೆಯ ಟಿಪ್ಪರಿನವರು ಬಂದು, ಬಾಯ್ಲರಿನ ಬೂದಿ ಹಾಕಿ ಪುಗಸಟ್ಟೆ ತಗ್ಗು ತುಂಬಿಕೊಡುತ್ತೇವೆ, ಮೇಲೆ ಮಣ್ಣು ಹಾಸಿ ಕಬ್ಬು ಹಚ್ಚಿರಿ ಎಂದಾಗ, ಭರತ ಒಳಗೆ ಬಂದು ಅವಳನ್ನೇ ಕೇಳಿದ್ದ. "ನೀ ತಿಳದಾಕಿ. ಹೇಳು, ಹಾಕ್ಸೂಣೇನ?" ಹಾಗೆ ಅವನು ಕೇಳಿದ್ದು ಅದೇ ಮೊದಲು. ಅವಳು ಪಾತ್ರೆ ತಿಕ್ಕುತ್ತಿದ್ದಳು, ಕೈಯಲ್ಲಿ ಒಲೆಯ ಬೂದಿಯಿತ್ತು. ಈ ಮನೆಯಲ್ಲಿ ಮಡಿಪಾತ್ರೆ ಬೆಳಗುವುದು ಬೂದಿಯಿಂದ, ಹೆಸರುಕಾಳಿಗೆ ಹುಳ ಬೀಳದಂತೆ ಹಚ್ಚುವುದು ಬೂದಿ, ಎಂಜಲು ಬಿದ್ದಲ್ಲಿ ಮೊದಲು ಬೀಳುವುದು ಬೂದಿ. "ಬೂದಿ ಅಲ್ಲಾ? ಬೂದಿಗಿಂತಾ ಶುದ್ಧ ಏನೈತಿ?" ಎಂದಿದ್ದಳು. ಅದು ಕಬ್ಬಿನ ಸಿಪ್ಪೆಯ ಬೂದಿಯೋ, ಸೀಜನ್ ಮುಗಿದ ಮೇಲೆ ಉರಿಸುವ ಕಲ್ಲಿದ್ದಲಿನ, ಪಾಷಾಣ ಬೆರೆತ ಬೂದಿಯೋ ಎಂದು ಒಂದು ಮಾತು ಕೇಳಬಹುದಿತ್ತು. ಗಂಡ ತನ್ನನ್ನು ಕೇಳಿದನಲ್ಲ ಎಂಬ ಹಿಗ್ಗಿನಲ್ಲಿ ಕೇಳಲಿಲ್ಲ.

ಹಂಡೆ ತುಂಬುವ ಹೊತ್ತಿಗೆ ಬಾವಿಕಟ್ಟೆಯ ಸುತ್ತ ಊರಿನ ಹೆಂಗಸರು ನೆರೆದಿದ್ದರು. ಎಲ್ಲರ ಹಿತ್ತಲಲ್ಲೂ ಬೋರು ಬಂದು ಬಾವಿಗಳು ಕಸದ ತಿಪ್ಪೆಯಾಗಿವೆ. ಹಗ್ಗ ಹಾಕಿ ಸೇದುವ ಬಾವಿ ಉಳಿದಿರುವುದು ಇದೊಂದೇ. ಮಾತಾಜಿಯಂಥ ಆರ್ಯಿಕೆಯರ ಆಹಾರಕ್ಕೆ ಬೋರಿನ ನೀರು ನಡೆಯುವುದಿಲ್ಲ. ಸೇದಿದ ನೀರೇ ಬೇಕು, ಎಲ್ಲಿಂದ ಬಂತೋ ಅಲ್ಲಿಗೇ ಜೀವಗಳನ್ನು ತಿರುಗಿಸುವ ನೀರು. ಹೀಗಾಗಿ ಇಂದು ಮಾತಾಜಿಗೆ ಅಡಿಗೆ ಹೂಡಿದ ಮನೆಗಳಿಗೆಲ್ಲ ನೀರು ಇಲ್ಲಿಂದಲೇ. ಚಾತುರ್ಮಾಸಕ್ಕೆ ಈ ಊರಲ್ಲೇ ನಿಲ್ಲಿರಿ ಎಂದು ಪಂಚರು ಬೇಡಿಕೊಂಡಾಗ, ಮಾತಾಜಿ ಬಸದಿಯನ್ನು ಕೇಳಲಿಲ್ಲವಂತೆ, ಬಾವಿ ಇದೆಯೇ ಎಂದು ಕೇಳಿದರಂತೆ. ಈ ಮಾತನ್ನು ಸೋನಾಬಾಯಿ ಬಂದವರಿಗೆಲ್ಲ ಹೇಳಿ, ಕೇಳದೆ ಹೋದವರನ್ನು ಕರೆದು ಹೇಳಿದ್ದಳು. ಎದುರುಮನೆಯ ಕಾಶಿಬಾಯಿ ಎರಡು ಕೊಡ ಒಟ್ಟಿಗೆ ಎತ್ತುತ್ತ, "ಸೋನಕ್ಕಾ, ನಿಮ್ಮ ನೀರ, ನಮ್ಮ ಅಡಗಿ. ಪುಣ್ಯಾ ಮಾತ್ರ ಅರ್ಧಾ ಅರ್ಧಾ ನೋಡ್ರಿ," ಎಂದಳು. "ತಗೋ ಬೇ, ಬಾವಿ ಏನ ಬತ್ತತೈತಿ," ಎಂದಳು ಸೋನಾಬಾಯಿ. ಎಲ್ಲರೂ ನಕ್ಕರು. ಶೈಲಾ ಕೂಡ ನಕ್ಕಳು, ಎಲ್ಲರಿಗಿಂತ ತುಸು ಹೆಚ್ಚೇ.

ದನದ ಕೊಟ್ಟಿಗೆಯ ಮಗ್ಗುಲಲ್ಲಿ ಭರತ ಅವಳನ್ನು ತಡೆದ. ಮಡಿಯ ಬಿಳಿ ಧೋತರದಲ್ಲಿ ಅವನು ಗುರುತೇ ಸಿಗದಷ್ಟು ಸಾತ್ವಿಕನಾಗಿ ಕಾಣುತ್ತಿದ್ದ.

"ಅವ್ವಗ ಏನೂ ಅಂದಿಲ್ಲ ಹೌದಿಲ್ಲೋ?"

"ಇಲ್ಲ."

"ಇವತ್ತೊಂದ ದಿನಾ, ಶೈಲಾ. ನಾಳಿಂದ ಚಿಂಚಲಿ ಹಾದ್ಯಾಗಿನ ಬಾವಿಂದ ಟೆಂಪೋದಾಗ ನೀರ ತರಸತೀನಿ. ಗಡಗಡಿ ಮುರೀತು, ಹಗ್ಗಾ ಹರೀತು, ಏನರೆ ಒಂದ ಹೇಳಿದ್ರ ಆತು."

"ಇವತ್ತ ಅವರ ಕುಡಿಯೂ ನೀರು?"

"ಒಂದ ಹೊತ್ತಿನ ನೀರಿಗೆ ಏನಾಗತೈತಿ? ವರ್ಷಾನಗಟ್ಟಲೆ ಕುಡದ್ರ ಮೈಗೆ ಹತ್ತತೈತಿ ಅಂತ ನೀನ ಹೇಳಿದ್ದಿ."

ಹೇಳಿದ್ದು ನಿಜ. ಪಟ್ಟಿ ಕಂದಿದ ರಾತ್ರಿ ಅವನೊಬ್ಬನಿಗೆ ಎಲ್ಲ ತಿಳಿಸಿ, ಆಮೇಲೆ ಅವನನ್ನು ಸಮಾಧಾನ ಮಾಡಲು ಹೇಳಿದ್ದಳು. ಈಗ ಅದೇ ಮಾತನ್ನು ಅವನು ಊರುಗೋಲಿನಂತೆ ಹಿಡಿದು ನಿಂತಿದ್ದ. "ಇವತ್ತ ಬಾಯಿಬಿಟ್ಟಿ ಅಂದ್ರ ಅವ್ವ ಸಾಯತಾಳ," ಎಂದ. ಸ್ವಲ್ಪ ತಡೆದು, "ಬೂದಿ ಯಾರ ಹಾಕ್ಸಿದ್ರು ಅಂತ ಕೇಳತಾರ," ಎಂದ. ಎರಡನೆಯದನ್ನು ಹೇಳುವಾಗ ಅವನ ದನಿ ಇಳಿದಿತ್ತು. ಇವನಿಗೆ ಹೆದರಿಕೆ ಯಾವುದರದು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು, ಜೊತೆಗೆ ತನ್ನ ಹೆದರಿಕೆಯೂ ಅದೇ ಎಂದೂ ಗೊತ್ತಾಗಿ, ಅವನ ಮೇಲೆ ಬರಬೇಕಾದ ಸಿಟ್ಟು ಬಾರದೆ ಹೋಯಿತು. ಆಯ್ತು ಎಂಬಂತೆ ತಲೆಯಾಡಿಸಿದಳು.

ಅಡಿಗೆಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಉಪ್ಪಿಲ್ಲದ ಬೇಳೆ, ಜೋಳದ ಗಂಜಿ, ಹಾಲು, ಕಾಸಿ ಆರಿಸಿದ ನೀರು. ಕಾಸಿದರೆ ಹೋಗುವುದಲ್ಲ ಆ ಪಾಷಾಣ, ಕಾಸಿದಷ್ಟೂ ಗಟ್ಟಿಯಾಗುವುದು. ಮಾತಾಜಿ ದಿನಕ್ಕೆ ಒಮ್ಮೆ ಉಣ್ಣುವವರು, ಆ ಒಮ್ಮೆಯೇ ನೀರು ಕುಡಿಯುವವರು. ಕೈಬೊಗಸೆಯಲ್ಲಿ ಒಂದು ಕೂದಲು ಕಂಡರೆ, ಸತ್ತ ಇರುವೆ ಕಂಡರೆ ಅಂತರಾಯ. ಅಲ್ಲಿಗೇ ಎದ್ದುಬಿಡುತ್ತಾರೆ, ಆಮೇಲೆ ಮರುದಿನದವರೆಗೆ ಹನಿ ನೀರಿಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ, ಬಿಸಿಲೇರುತ್ತಿದ್ದಂತೆ ಸೆಕೆ ಕುದಿಯುತ್ತಿತ್ತು. ಮಾತಾಜಿಯದು ಎಂಬತ್ತು ದಾಟಿದ ಮೈ. ಹೇಳಿದರೆ ಬಾಯಾರಿಕೆ, ಹೇಳದಿದ್ದರೆ ಪಾಷಾಣ. ಒಂದು ಕೂದಲಿಗೆ ಏಳುವವರ ಮುಂದೆ ಕಣ್ಣಿಗೆ ಕಾಣದ್ದನ್ನು ಬಡಿಸಲು ನಿಂತಿದ್ದೇನಲ್ಲ ಎಂದುಕೊಂಡಾಗ ಅವಳಿಗೆ ಒಂದು ಕ್ಷಣ ನಗು ಬಂತು, ನಗು ಬಂದದ್ದಕ್ಕೆ ಹೆದರಿಕೆಯಾಯಿತು. ಅಷ್ಟರಲ್ಲಿ ಸೋನಾಬಾಯಿ ಒಳಗೆ ಬಂದು, ತೆಂಗಿನಕಾಯಿ ಇಟ್ಟ ಕಲಶವನ್ನು ಅವಳ ಕೈಗೆ ಕೊಟ್ಟಳು.

"ಇವತ್ತ ನೀ ಮುಂದ ನಿಂದರು. ಕರಿಯೂ ಮಾತ ನೀನ ಅನ್ನು."

"ನಾನ್ಯಾಕ್ರಿ ಅತ್ತಿ, ನೀವ ಇರ್ತೀರಲ್ಲ."

"ನನ್ನ ದನಿ ಬಿದ್ದೇತಿ. ಎಷ್ಟ ದಿನಾಂತ ನಾನ ಹಿಡೀಲಿ? ನಾಳಿಂದ ಅರಿವೀನೂ ನೀನ ಹಿಡಿ. ಕಲ್ತಿದಿ ಈಗ." ಹೇಳಿ, ಸೊಸೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿದಳು. ಹದಿನಾರು ವರ್ಷ ಕಾದಿದ್ದ ಮಾತು. ಇವಳು ಬೈದಿದ್ದರೆ ಎಷ್ಟು ಸುಲಭವಾಗಿತ್ತು ಎಂದು ಅನ್ನಿಸಿತು.

ಓಣಿಯ ಎರಡೂ ಬದಿಗೆ ಮನೆಮನೆಯವರು ಬಾಗಿಲಲ್ಲಿ ಕಲಶ ಹಿಡಿದು ನಿಂತಿದ್ದರು. ಮಾತಾಜಿ ಬಸದಿಯ ಮೆಟ್ಟಿಲಿಳಿದು ಬಂದರು. ಬಲಗೈಯ ಬೆರಳು ಜೋಡಿಸಿ, ಆಹಾರಕ್ಕೆ ಹೊರಟ ಗುರುತಿಗೆ ಹೆಗಲಿಗಿಟ್ಟು, ನೆಲ ನೋಡುತ್ತ, ಇರುವೆಗಳಿಗೆ ದಾರಿ ಬಿಟ್ಟುಕೊಡುತ್ತ, ಬಹಳ ಸಾವಕಾಶ. ಹೊರಡುವಾಗ ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡಿರುತ್ತಾರೆ. ಅದು ಯಾವ ಬಾಗಿಲಲ್ಲಿ ಕೂಡಿಬರುವುದೋ ಅಲ್ಲಿ ನಿಲ್ಲುತ್ತಾರೆ, ಕೂಡದಿದ್ದರೆ ಉಪವಾಸ ತಿರುಗುತ್ತಾರೆ. ನಿಲ್ಲದಿರಲಿ, ನಿಲ್ಲದಿರಲಿ ಎಂದು ಶೈಲಾ ಬೇಡಿಕೊಂಡಳು. ಬಿಳಿ ಸೀರೆ ಹತ್ತಿರ ಬಂತು. ಸೀರೆಯ ಕೆಳಗೆ ಬಿರುಕುಬಿಟ್ಟ ಹಿಮ್ಮಡಿಗಳು. ಅವು ಅವಳ ಬಾಗಿಲಿನೆದುರು ನಿಂತವು.

"ವಂದಾಮಿ ಮಾತಾಜಿ," ಎಂದಳು ಶೈಲಾ. ಇಲ್ಲೇ ನಿಲ್ಲಿರಿ ಎಂದು ಕರೆಯುವ ಮಾತಿಗೆ ಹಿಂದಿನಿಂದ ಭರತನ, ಸೋನಾಬಾಯಿಯ ದನಿ ಕೂಡಿತು. "ಅತ್ರ ಅತ್ರ, ತಿಷ್ಠ ತಿಷ್ಠ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ..." ಮೂರೂ ಸುಳ್ಳು ಶೈಲಾಳ ಬಾಯಿಂದ ಸಲೀಸಾಗಿ ಬಂದವು. ತನ್ನ ಮನಸ್ಸು, ತನ್ನ ಮಾತು, ತನ್ನ ಮೈ, ಅದರ ಲೆಕ್ಕ ತನ್ನದು. ನಾಲ್ಕನೆಯದು ಪೂರ್ತಿ ಬರಲಿಲ್ಲ. ಆಹಾರ ಎಂಬ ಮಾತೂ ಬಂತು, ಜಲ ಎಂದಳೋ ಇಲ್ಲವೋ, ಬಾಯಿ ನಿಂತುಹೋಯಿತು. ದಿನಾ ಲ್ಯಾಬಿನಲ್ಲಿ ಹತ್ತಾರು ಸಲ ಆಡುವ ಮಾತು, 'ಶುದ್ಧ ಐತಿ, ಕುಡೀರಿ'. ಭರತ ಹಿಂದಿನಿಂದ ದೊಡ್ಡ ದನಿಯಲ್ಲಿ "ಆಹಾರ ಜಲ ಶುದ್ಧ" ಎಂದ. ಮಾತಾಜಿ ಅವನನ್ನು ನೋಡಲಿಲ್ಲ, ಕಲಶ ಹಿಡಿದವಳ ಬಾಯಿಯನ್ನು ನೋಡುತ್ತ ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ, ಕಾಯುವುದಷ್ಟೇ ಇತ್ತು. "ಅನ್ನು ಬೇ," ಎಂದು ಸೋನಾಬಾಯಿ ಬೆನ್ನಿಗೆ ತಿವಿದಳು. ಶೈಲಾ ಕಲಶವನ್ನು ಎದೆಗೊತ್ತಿಕೊಂಡಳು. ಮಾತಾಜಿ ನಿಧಾನವಾಗಿ ತಿರುಗಿ ಮುಂದೆ ನಡೆದರು.

ಅಬ್ಬ ಎನ್ನಿಸಿತು. ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ, ಕೆಲಸ ಮುಗಿಯಿತು ಎಂದು ಅವಳ ಮೈಯೆಲ್ಲ ಸಡಿಲವಾಯಿತು. ಆ ನೆಮ್ಮದಿ ಇದ್ದದ್ದು ಓಣಿ ದಾಟುವಷ್ಟು ಹೊತ್ತು. ಎದುರಿನಿಂದ ಕಾಶಿಬಾಯಿಯ ಕಂಚಿನ ಕಂಠ ಎದ್ದಿತು, "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ!" ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆಕೆಗೆ ಗೊತ್ತಿರಲಿಲ್ಲ. ಬಿಳಿ ಸೀರೆ ಅಲ್ಲಿ ನಿಂತಿತು. ನೇಮ ಕೂಡಿತ್ತೋ ಏನೋ, ಮಾತಾಜಿ ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟರು. ಶೈಲಾ ಕಲಶವನ್ನು ಎಲ್ಲಿಟ್ಟಳೋ ಅವಳಿಗೆ ನೆನಪಿಲ್ಲ. ಓಣಿಯ ನಡುವೆ ನಿಂತು, ತನ್ನದಲ್ಲದಂತೆ ಕೇಳಿಸಿದ ದನಿಯಲ್ಲಿ ಕೂಗಿದಳು.

"ನೀರ ಶುದ್ಧ ಇಲ್ಲರಿ! ನಮ್ಮ ಬಾವಿ ನೀರು, ಅದರಾಗ ಪಾಷಾಣ ಐತಿ. ನಾನ ಪರೀಕ್ಷಾ ಮಾಡೇನಿ. ಯಾರೂ ಕುಡೀಬ್ಯಾಡ್ರಿ!"

ಮಾತಾಜಿಯ ಬಲಗೈ ಹೆಗಲಿನಿಂದ ಕೆಳಗಿಳಿಯಿತು. ಅಷ್ಟೇ. ಅಂದರೆ ಇವತ್ತಿಗೆ ಅನ್ನವಿಲ್ಲ, ನೀರಿಲ್ಲ. ಬಂದ ದಾರಿಯಲ್ಲೇ, ಬಂದ ಹಾಗೆಯೇ ನೆಲ ನೋಡುತ್ತ, ಶೈಲಾಳ ಪಕ್ಕದಿಂದಲೇ ಹಾದು ಬಸದಿಗೆ ತಿರುಗಿದರು. ಒಣಗಿದ ತುಟಿ ಹತ್ತಿರದಿಂದ ಕಂಡಿತು. ಆಮೇಲೆ ಓಣಿಗೆ ಬಾಯಿ ಬಂತು; ಖಣಿಗೆ ಬೂದಿಯ ಟಿಪ್ಪರು ಹೋದದ್ದನ್ನು ಎಲ್ಲರೂ ಕಂಡಿದ್ದರು. "ನಿಮ್ಮ ಬಾವಿ, ನಿಮ್ಮ ಖಣಿ, ನಿಮ್ಮ ಬೂದಿ!" ಎಂದು ಕಾಶಿಬಾಯಿ ಕಣ್ಣಲ್ಲಿ ನೀರು ತಂದುಕೊಂಡು ಚೀರಿದಳು. "ಮುಂಜಾನೆ ನಾ ಕೊಡಾ ಎತ್ತುಮುಂದ ನೀ ನಗಾಕತ್ತಿದ್ದೆಲ್ಲ, ಆವಾಗ ಯಾಕ ಹೇಳಲಿಲ್ಲ? ನನ್ನ ಬಾಯಿಂದ ಸುಳ್ಳ ಅನಿಸಿದೆಲ್ಲ!" ಯಾರೋ ಭರತನ ಹೆಸರು ಹಿಡಿದು ಕೂಗಿದರು. ಅವನು ಧೋತರದ ಅಂಚು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಹೆಂಡತಿಯನ್ನು ಒಳಗೆ ಕರೆಯಲೂ ಇಲ್ಲ, ತಡೆಯಲೂ ಇಲ್ಲ.

ಅವಳು ಒಳಗೆ ಬಂದಾಗ ಸೋನಾಬಾಯಿ ಅಡಿಗೆಮನೆಯ ನೆಲದ ಮೇಲೆ, ತುಂಬಿದ ಹಂಡೆಗಳ ನಡುವೆ ಕೂತಿದ್ದಳು. ನಿನ್ನೆ ಸಂಜೆಯಿಂದ ಅವಳ ಬಾಯಿಗೂ ಏನೂ ಬಿದ್ದಿರಲಿಲ್ಲ. ಮಾತಾಜಿ ಉಂಡ ಮೇಲೆ ಉಣ್ಣಬೇಕೆಂದಿದ್ದಳು, ಇನ್ನು ನಾಳೆಯವರೆಗೆ ಇಲ್ಲ. ಬೈಗುಳ ಬರುತ್ತದೆ ಎಂದು ಶೈಲಾ ಕಂಬ ಹಿಡಿದು ನಿಂತಳು, ಬರಲಿ ಎಂದು ಆಸೆಪಟ್ಟಳು. ತಂಬಿಗೆಯ ನೀರಿನ ಕಳ್ಳತನವನ್ನೂ ಈಗಲೇ ಹೇಳಿಬಿಡಬೇಕು ಎಂದುಕೊಂಡಳು, ಹೇಳಲಿಲ್ಲ. ಸೋನಾಬಾಯಿಯ ತೊಡೆಯ ಮೇಲೆ ಸೋಸುವ ಅರಿವೆಯಿತ್ತು. ಅದನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಮೂಲೆ ಮೂಲೆ ಹುಡುಕುತ್ತಿದ್ದಳು.

"ಮದಲೆಲ್ಲ ದಿನಾ ಹುಳಾ ಇರತಿದ್ದೂ," ಎಂದಳು, ಯಾರಿಗೋ ಎಂಬಂತೆ. "ಸಣ್ಣ ಸಣ್ಣೂವು, ಕೆಂಪಾನೂವು, ಜಿಗದಾಡಾವು. ಎರಡ ಮೂರ ವರ್ಷಾತು, ಕಂಡಿಲ್ಲ. ನೀರ ಸ್ವಚ್ಛ ಆತು ಅಂದ್ಕೊಂಡೆ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಎಲ್ಲಿ ಹೋದೂ, ಶೈಲಾ?"

ಶೈಲಾಳಿಗೆ ಗೊತ್ತಿತ್ತು. ಓಣಿಯಲ್ಲಿ ಕೂಗಿದ್ದಕ್ಕಿಂತ ಇದು ಕಷ್ಟವಾಗಿತ್ತು.

"ಸತ್ತೂರಿ, ಅತ್ತಿ."

"ಎಲ್ಲಾವೂ?"

"ಎಲ್ಲಾವೂ."

ಸೋನಾಬಾಯಿ ಅರಿವೆಯನ್ನು ಎರಡು ಪದರು ಮಾಡಿದಳು, ಮತ್ತೆ ನಾಲ್ಕು ಮಾಡಿ ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿದಳು. ಶೈಲಾ ಹತ್ತಿರ ಕೂತು ಕೈ ಹಿಡಿಯಲು ಹೋದಾಗ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೊರಗಿನ ಗದ್ದಲ ಇಳಿದ ಮೇಲೆ ಹೇಳಿದಳು.

"ಬಕೀಟ ಸಾವಕಾಶ ಬಿಡತಿದ್ದೆ, ಪೆಟ್ಟ ಹತ್ತಬಾರದಂತ. ದಿನಾ ಅವನ್ನ ಮನಿಗೆ ಕಳಸಾಕತ್ತೇನಿ ಅಂತ ತಿಳದಿದ್ದೆ."